ಪದ ಪರಿಚಯ: ನೋ-ಫಾಲ್ಟ್ ಸ್ಟ್ಯಾಂಡ್ ಡೌನ್

ಆಸ್ಟ್ರೇಲಿಯಾದ ರಗ್ಬಿ ಲೀಗ್ ಸುದ್ದಿಗಳಲ್ಲಿ ಈ ಮಾತು ಆಗಾಗ ಎದುರಾಗುತ್ತದೆ. ಗಂಭೀರ ಅಪರಾಧದ ಆರೋಪ ಹೊತ್ತ ಆಟಗಾರನನ್ನು, ಕೋರ್ಟಿನಲ್ಲಿ ಪ್ರಕರಣ ಮುಗಿಯುವವರೆಗೆ, ಪೂರ್ತಿ ಸಂಬಳ ಕೊಟ್ಟು ಪಂದ್ಯಗಳಿಂದ ಹೊರಗಿಡುವ ನಿಯಮಕ್ಕೆ ಈ ಹೆಸರು. ಅವನು ತಪ್ಪು ಮಾಡಿದ್ದಾನೋ ಇಲ್ಲವೋ ಎಂಬುದರ ಬಗ್ಗೆ ಲೀಗ್ ಬಾಯಿ ಬಿಡುವುದಿಲ್ಲ. ‘ನೋ-ಫಾಲ್ಟ್’ ಅಂದರೆ ಅಷ್ಟೇ. ಅಲ್ಲಿನ ವೃತ್ತಿಪರ ಲೀಗ್ ಎನ್‌ಆರ್‌ಎಲ್ ಇದನ್ನು 2019ರ ಫೆಬ್ರವರಿ 28ರಂದು ಘೋಷಿಸಿತು.

ನಮ್ಮ ಸರ್ಕಾರಿ ನೌಕರರ ಅಮಾನತಿನ ಜೊತೆ ಇದನ್ನು ಬೆರೆಸಬಾರದು. ಅಮಾನತಾದ ನೌಕರನ ಕೈಗೆ ಬರುವುದು ಜೀವನಾಧಾರ ಭತ್ಯೆ, ಮೊದಮೊದಲು ಸಂಬಳದ ಅರ್ಧ. ಎನ್‌ಆರ್‌ಎಲ್ ಆಟಗಾರನಿಗೆ ಒಪ್ಪಂದದ ಹಣ ಅಷ್ಟೂ ಸಿಗುತ್ತದೆ, ಕ್ಲಬ್ಬಿನವರ ಜೊತೆ ಅಭ್ಯಾಸಕ್ಕೂ ಬರಬಹುದು. ಅಂಗಳಕ್ಕೆ ಇಳಿಯುವಂತಿಲ್ಲ, ಅಷ್ಟೆ. ದುಡ್ಡು ಕಡಿದರೆ ಅದು ಶಿಕ್ಷೆಯಾಗುತ್ತದೆ, ಶಿಕ್ಷೆ ಕೊಡಬೇಕಾದರೆ ತಪ್ಪು ಸಾಬೀತಾಗಿರಬೇಕು. ಈ ತೊಡಕಿನಿಂದ ತಪ್ಪಿಸಿಕೊಳ್ಳಲೆಂದೇ ಸಂಬಳವನ್ನು ಮುಟ್ಟಿಲ್ಲ.

ನಿಯಮ ಜಾರಿಗೆ ಬರುವುದು ಪೊಲೀಸರು ‘ಚಾರ್ಜ್’ ಮಾಡಿದಾಗ, ಅಂದರೆ ವಿಧ್ಯುಕ್ತವಾಗಿ ಆರೋಪ ಹೊರಿಸಿದಾಗ. ದೂರು ಬಂದರೆ, ಪತ್ರಿಕೆಯಲ್ಲಿ ವರದಿ ಬಂದರೆ ಸಾಲದು. ಚಾರ್ಜ್ ಆದ ಮೇಲೆ ಲೀಗ್ ನೋಡುವುದು ಒಂದೇ ಸಂಗತಿ: ಆ ಅಪರಾಧಕ್ಕೆ ಕಾನೂನಿನಲ್ಲಿರುವ ಗರಿಷ್ಠ ಜೈಲುವಾಸ 11 ವರ್ಷ ಅಥವಾ ಅದಕ್ಕಿಂತ ಹೆಚ್ಚೇ? ಹೌದಾದರೆ ಆಟಗಾರ ತಾನಾಗಿಯೇ ಹೊರಗೆ. ಸಾಕ್ಷ್ಯ ಗಟ್ಟಿಯೋ ಟೊಳ್ಳೋ, ಆಟಗಾರ ನಾಯಕನೋ ಬೆಂಚಿನವನೋ, ಮುಂದಿನ ವಾರ ಫೈನಲ್ ಇದೆಯೋ, ಯಾವುದನ್ನೂ ಕೇಳುವುದಿಲ್ಲ. ಗರಿಷ್ಠ ಶಿಕ್ಷೆ ಅದಕ್ಕಿಂತ ಕಡಿಮೆಯಿದ್ದರೆ ಲೀಗಿನ ಮುಖ್ಯಸ್ಥರು ತಮ್ಮ ವಿವೇಚನೆಯಿಂದ ಹೊರಗಿಡಬಹುದು. ಹೆಂಗಸರು, ಮಕ್ಕಳ ಮೇಲಿನ ಅಪರಾಧಗಳನ್ನು ಮನಸ್ಸಿನಲ್ಲಿಟ್ಟುಕೊಂಡೇ ಈ ಅಧಿಕಾರ ಕೊಟ್ಟಿರುವುದು.

ಈ ಹನ್ನೊಂದರ ಗೆರೆ ಯಾರನ್ನು ಹಿಡಿಯುತ್ತದೆ, ಯಾರನ್ನು ಬಿಡುತ್ತದೆ ಎಂದು ನೋಡಬೇಕು. ನ್ಯೂ ಸೌತ್ ವೇಲ್ಸ್ ರಾಜ್ಯದ ಕಾನೂನಿನಲ್ಲಿ ಸಮ್ಮತಿಯಿಲ್ಲದ ಸಂಭೋಗಕ್ಕೆ ಗರಿಷ್ಠ 14 ವರ್ಷ. ಇನ್ನೊಬ್ಬ ಜೊತೆಗಿದ್ದಾಗ ನಡೆದಿದ್ದರೆ ಅಪರಾಧದ ತೀವ್ರತೆ ಏರಿ 20 ವರ್ಷ. ಜೊತೆಗೂಡಿ ಮಾಡಿದ್ದಲ್ಲದೆ ಗಾಯಪಡಿಸಿದ್ದರೆ ಅಥವಾ ಕೂಡಿಹಾಕಿದ್ದರೆ ಜೀವಾವಧಿ. ಇವೆಲ್ಲ ಗೆರೆಯ ಮೇಲಿವೆ. ಆದರೆ ಸಮ್ಮತಿಯಿಲ್ಲದ ಲೈಂಗಿಕ ಸ್ಪರ್ಶಕ್ಕೆ 5 ವರ್ಷ, ಖಾಸಗಿ ಗಳಿಗೆಯನ್ನು ಒಪ್ಪಿಗೆಯಿಲ್ಲದೆ ಚಿತ್ರೀಕರಿಸುವುದಕ್ಕೆ 3 ವರ್ಷ, ಮನೆಯಲ್ಲಿ ಹೆಂಡತಿ ಅಥವಾ ಗೆಳತಿಯ ಮೇಲೆ ಕೈ ಮಾಡುವಂಥ ಸಾಮಾನ್ಯ ಹಲ್ಲೆಗೆ 2 ವರ್ಷ. ಇವೆಲ್ಲ ಗೆರೆಯ ಕೆಳಗೆ ಬಂದು ವಿವೇಚನೆಯ ಪಾಲಾಗುತ್ತವೆ. 2019ರಲ್ಲೇ ಪೆನ್ರಿತ್ ಕ್ಲಬ್ಬಿನ ಆಟಗಾರನೊಬ್ಬನನ್ನು ಒಪ್ಪಿಗೆಯಿಲ್ಲದ ಚಿತ್ರೀಕರಣದ ಆರೋಪಕ್ಕೆ ಹೊರಗಿಟ್ಟದ್ದು ಇದೇ ವಿವೇಚನೆಯಡಿ. ಆಮೇಲೆ ಅವನು ತಪ್ಪೊಪ್ಪಿಕೊಂಡ. ನನ್ನ ಲೆಕ್ಕದಲ್ಲಿ ನಿಯಮದ ಅತಿ ದುರ್ಬಲ ಕೀಲು ಇದು. ವಿವೇಚನೆ ಎಂದ ಮೇಲೆ ಪತ್ರಿಕೆಗಳ ಗದ್ದಲ, ಪ್ರಾಯೋಜಕರ ಫೋನು, ಆಟಗಾರನ ತೂಕ ಎಲ್ಲವೂ ಹಿಂಬಾಗಿಲಿನಿಂದ ಒಳಗೆ ಬರುತ್ತವೆ.

ತಾನಾಗಿಯೇ ಜಾರಿಯಾಗುವ ನಿಯಮ ಬೇಕಾದದ್ದೂ ಆ ಹಿಂಬಾಗಿಲಿನ ಕಾರಣಕ್ಕೇ. ತೀರ್ಮಾನ ಕ್ಲಬ್ಬಿನ ಕೈಯಲ್ಲಿದ್ದರೆ ಪಂದ್ಯ ಗೆಲ್ಲಿಸುವವನಿಗೆ ‘ಕೋರ್ಟ್ ನೋಡಿಕೊಳ್ಳಲಿ’ ಎಂಬ ಔದಾರ್ಯ, ಮೂರನೇ ದರ್ಜೆಯವನಿಗೆ ನೈತಿಕತೆಯ ಪಾಠ. ಜೊತೆಗೆ ತಂಡದ ಒಳಗಿನ ಗಂಡಸುತನದ ಲೆಕ್ಕಾಚಾರ ಬೇರೆ. ಹದಿನೆಂಟು-ಇಪ್ಪತ್ತರ ಹುಡುಗರು ಹಿರಿಯರ ಜೊತೆ ಹೋಟೆಲಿನಲ್ಲಿ ಇರುತ್ತಾರೆ, ಪಂದ್ಯ ಮುಗಿದ ಮೇಲೆ ಒಟ್ಟಿಗೆ ಕುಡಿಯುತ್ತಾರೆ. ಹಿರಿಯ ಮಾಡಿದ್ದಕ್ಕೆ ನಗದವನು ಗುಂಪಿನ ಹೊರಗೆ. ಪ್ರವಾಸದಲ್ಲಿ ನಡೆದದ್ದು ಪ್ರವಾಸದಲ್ಲೇ ಉಳಿಯಬೇಕು ಎಂಬುದು ಬರೆಯದ ಕಟ್ಟಳೆ. ಮೈಮೇಲೆ ಬೀಳುವ ಎದುರಾಳಿಯಿಂದ ಒಬ್ಬರನ್ನೊಬ್ಬರು ಕಾಯುವ ನಿಷ್ಠೆಯನ್ನು ಅಂಗಳದಲ್ಲಿ ಕಲಿಸಿದವರು, ಅದೇ ನಿಷ್ಠೆ ಹೋಟೆಲ್ ಕೋಣೆಯಲ್ಲಿ ಏನಾಗುತ್ತದೆ ಎಂದು ಬಹಳ ಕಾಲ ಯೋಚಿಸಲಿಲ್ಲ.

2004ರಲ್ಲಿ ಕಾಫ್ಸ್ ಹಾರ್ಬರ್ ಊರಿನಲ್ಲಿ ತಂಗಿದ್ದ ಕ್ಯಾಂಟರ್‌ಬರಿ ಬುಲ್‌ಡಾಗ್ಸ್ ಆಟಗಾರರ ಮೇಲೆ ಅತ್ಯಾಚಾರದ ದೂರು ಬಂತು. ತನಿಖೆ ನಡೆಯಿತು, ಯಾರ ಮೇಲೂ ಆರೋಪ ಹೊರಿಸಲಿಲ್ಲ. ಆದರೆ ಆ ಗದ್ದಲದ ಫಲವಾಗಿ ಲೀಗ್ ವಿಶ್ವವಿದ್ಯಾಲಯದ ಸಂಶೋಧಕರನ್ನು ಕರೆಸಿತು, ಆಟಗಾರರಿಗೆ ಸಮ್ಮತಿಯ ಕುರಿತ ತರಗತಿಗಳು ಶುರುವಾದವು. 2009ರ ಮೇ ತಿಂಗಳಲ್ಲಿ ಎಬಿಸಿ ವಾಹಿನಿಯ ತನಿಖಾ ಕಾರ್ಯಕ್ರಮವೊಂದು 2002ರ ಘಟನೆಯನ್ನು ಹೊರಗೆಳೆಯಿತು. ನ್ಯೂಜಿಲೆಂಡಿನ ಕ್ರೈಸ್ಟ್‌ಚರ್ಚ್‌ನಲ್ಲಿ ಕ್ರೊನುಲ್ಲಾ ತಂಡದವರಿದ್ದ ಹೋಟೆಲ್ ಕೋಣೆಗೆ 19 ವರ್ಷದ ಯುವತಿಯೊಬ್ಬಳು ಇಬ್ಬರ ಜೊತೆ ಹೋಗಿದ್ದಳು. ಆಮೇಲೆ ಇನ್ನೂ ಹಲವರು ಒಳಗೆ ಬಂದರು. ಅಲ್ಲೂ ಪೊಲೀಸರು ತನಿಖೆ ಮಾಡಿದ್ದರು, ಆರೋಪ ಹೊರಿಸಿರಲಿಲ್ಲ. ಅವಳೇ ಒಪ್ಪಿ ಬಂದಿದ್ದಳು ಎಂಬುದು ಆಟಗಾರರ ಕಡೆಯ ಮಾತು. ಒಪ್ಪಿದ್ದು ಯಾರಿಗೆ, ಯಾವುದಕ್ಕೆ ಎಂಬ ಪ್ರಶ್ನೆಯನ್ನು ಆ ಕಾರ್ಯಕ್ರಮ ಮನೆಮನೆಗೆ ತಂದಿತು.

ಅದಕ್ಕೆ ನ್ಯೂ ಸೌತ್ ವೇಲ್ಸ್ ಕಾನೂನು ಈಗ ನೇರವಾಗಿ ಉತ್ತರಿಸುತ್ತದೆ. 2022ರ ಜೂನ್ 1ರಿಂದ ಜಾರಿಯಲ್ಲಿರುವ ತಿದ್ದುಪಡಿಯ ಪ್ರಕಾರ ಸಮ್ಮತಿ ಆ ಹೊತ್ತಿನಲ್ಲಿ, ಸ್ವಂತ ಮನಸ್ಸಿನಿಂದ ಕೊಟ್ಟದ್ದಾಗಿರಬೇಕು. ಒಂದಕ್ಕೆ ಒಪ್ಪಿದವರು ಇನ್ನೊಂದಕ್ಕೆ ಒಪ್ಪಿದಂತೆ ಆಗುವುದಿಲ್ಲ. ಒಬ್ಬನಿಗೆ ಒಪ್ಪಿದ ಮಾತ್ರಕ್ಕೆ ಮತ್ತೊಬ್ಬನಿಗೂ ಒಪ್ಪಿದರೆಂದು ತಿಳಿಯುವಂತಿಲ್ಲ. ತಂಡಗಳ ತರಗತಿಯಲ್ಲಿ ಮೊದಲು ಹೇಳಬೇಕಾದ ಕಲಮು ಇದೇ. ನಡುವೆ ಯಾವಾಗ ಬೇಕಾದರೂ ಹಿಂತೆಗೆದುಕೊಳ್ಳಬಹುದು. ನಿದ್ದೆಯಲ್ಲಿದ್ದವರು, ಒಪ್ಪಲಾಗದಷ್ಟು ಕುಡಿದವರು ಸಮ್ಮತಿಸಲಾರರು. ಪ್ರತಿಭಟಿಸದೆ ಸುಮ್ಮನಿದ್ದದ್ದು ಒಪ್ಪಿಗೆಯಲ್ಲ. ‘ಅವಳು ಒಪ್ಪಿದ್ದಾಳೆ ಅಂದುಕೊಂಡೆ’ ಎನ್ನುವವನು ಅದನ್ನು ತಿಳಿಯಲು ಆಗ ಅಥವಾ ಸ್ವಲ್ಪ ಮುಂಚೆ ಏನಾದರೂ ಕೇಳಿರಬೇಕು, ಮಾಡಿರಬೇಕು; ಇಲ್ಲದಿದ್ದರೆ ಆ ನಂಬಿಕೆ ಸಮಂಜಸ ಎನಿಸುವುದಿಲ್ಲ. ಮನೋರೋಗ ಅಥವಾ ಬುದ್ಧಿಸಾಮರ್ಥ್ಯದ ಕೊರತೆ ಕಾರಣವಾಗಿದ್ದರೆ ಮಾತ್ರ ವಿನಾಯಿತಿ. ನಮ್ಮಲ್ಲೂ ಭಾರತೀಯ ನ್ಯಾಯ ಸಂಹಿತೆಯ 63ನೇ ಕಲಮು ಸಮ್ಮತಿಯೆಂದರೆ ನಿರ್ದಿಷ್ಟ ಕ್ರಿಯೆಗೆ ಮಾತು ಅಥವಾ ಸನ್ನೆಯಲ್ಲಿ ತೋರಿಸಿದ, ಅನುಮಾನಕ್ಕೆ ಎಡೆಯಿಲ್ಲದ ಒಪ್ಪಿಗೆ ಎನ್ನುತ್ತದೆ. ಈ ವಿವರಣೆ 2013ರಿಂದಲೇ ನಮ್ಮ ಕಾನೂನಿನಲ್ಲಿದೆ.

ನಿಯಮದ ಮೊದಲ ದೊಡ್ಡ ಪರೀಕ್ಷೆ ಕೋರ್ಟಿನಲ್ಲೇ ಆಯಿತು. ಸೇಂಟ್ ಜಾರ್ಜ್ ಇಲವಾರಾ ತಂಡದ ಆಟಗಾರನೊಬ್ಬನ ಮೇಲೆ 2018ರ ಡಿಸೆಂಬರಿನಲ್ಲಿ ಲೈಂಗಿಕ ದೌರ್ಜನ್ಯದ ಆರೋಪ ಹೊರಿಸಲಾಗಿತ್ತು. ನಿಯಮ ಬಂದದ್ದು ಆಮೇಲೆ, ಆದರೂ ಅವನಿಗೆ ಅನ್ವಯಿಸಿತು. ತನ್ನ ವೃತ್ತಿಗೆ ಇದು ಅನ್ಯಾಯದ ತಡೆ ಎಂದು ಅವನು ಫೆಡರಲ್ ಕೋರ್ಟಿಗೆ ಹೋದ. 2019ರ ಮೇ ತಿಂಗಳಲ್ಲಿ ನ್ಯಾಯಮೂರ್ತಿ ಮೆಲಿಸ್ಸಾ ಪೆರ್ರಿ ಅರ್ಜಿಯನ್ನು ವಜಾ ಮಾಡಿದರು: ಲೀಗಿನ ನ್ಯಾಯವಾದ ಹಿತವನ್ನು ಕಾಯಲು ಬೇಕಾದಷ್ಟಕ್ಕಿಂತ ನಿಯಮ ಹೆಚ್ಚು ಚಾಚಿಕೊಂಡಿಲ್ಲ. ಗಮನಿಸಿ, ಕೋರ್ಟ್ ಎತ್ತಿಹಿಡಿದದ್ದು ಲೀಗಿನ ಹೆಸರು ಮತ್ತು ವರಮಾನದ ಹಿತವನ್ನು. ದೂರು ಕೊಟ್ಟವಳ ಹಿತ ಆ ವ್ಯಾಜ್ಯದ ವಿಷಯವೇ ಆಗಿರಲಿಲ್ಲ.

ಮುಂದೆ ಆದದ್ದು ಇನ್ನೂ ಕಗ್ಗಂಟು. 2020ರ ನವೆಂಬರಿನ ವಿಚಾರಣೆಯಲ್ಲಿ ಜ್ಯೂರಿಗೆ ಒಮ್ಮತ ಬರಲಿಲ್ಲ. 2021ರ ಮರುವಿಚಾರಣೆಯಲ್ಲಿ ಒಂದು ಆರೋಪದಿಂದ ಬಿಡುಗಡೆ, ಉಳಿದವುಗಳಲ್ಲಿ ಮತ್ತೆ ಒಮ್ಮತವಿಲ್ಲ. ಪ್ರಾಸಿಕ್ಯೂಷನ್ ಪ್ರಕರಣವನ್ನು ಕೈಬಿಟ್ಟಿತು, ಅವನು ಆಟಕ್ಕೆ ಮರಳಿದ. ಎರಡು ಪೂರ್ತಿ ಋತುಗಳು ಹೋಗಿದ್ದವು. ಮೈಯ ಕಸುವಿನ ಮೇಲೆ ನಿಂತ, ಹತ್ತು ವರ್ಷ ನಡೆದರೆ ದೊಡ್ಡದೆನ್ನುವ ವೃತ್ತಿಯಲ್ಲಿ ಹೋದ ಋತುವನ್ನು ಸಂಬಳ ತುಂಬಿಕೊಡುವುದಿಲ್ಲ. ಇತ್ತ ಇದೇ ನಿಯಮದಿಂದ ದೂರುದಾರಳ ಮೇಲೂ ಹೊರೆ ಬೀಳುತ್ತದೆ: ತಂಡ ಸೋತ ಪ್ರತಿ ವಾರ ಅಭಿಮಾನಿಗಳ ಸಿಟ್ಟು ತಿರುಗುವುದು ಅವಳತ್ತ. ಪೊಲೀಸರ ಬಳಿ ಹೋಗದವಳಿಗಂತೂ ಇದರಿಂದ ಏನೂ ಇಲ್ಲ. ಅಂಥವಳಿಗೆ ಬೇಕಾದದ್ದು ಲೀಗಿನ ಸ್ವಂತ ಶಿಸ್ತು ವಿಚಾರಣೆ. ಅದು ಬೇರೆ ದಾರಿ, ಅಲ್ಲಿ ಪುರಾವೆಯ ಮಟ್ಟ ಕ್ರಿಮಿನಲ್ ಕೋರ್ಟಿನಷ್ಟು ಎತ್ತರವಿರುವುದಿಲ್ಲ.

ಭಾರತದಲ್ಲಿ ಇದಕ್ಕೆ ತುಸು ಹತ್ತಿರ ಬಂದದ್ದು ಅದೇ 2019ರ ಜನವರಿಯಲ್ಲಿ, ಅಪರಾಧದ ಆರೋಪವಿಲ್ಲದ ಪ್ರಸಂಗವೊಂದರಲ್ಲಿ. ಟಿವಿ ಹರಟೆ ಕಾರ್ಯಕ್ರಮವೊಂದರಲ್ಲಿ ಹೆಂಗಸರ ಬಗ್ಗೆ ಬಂದ ಮಾತುಗಳಿಗಾಗಿ ಹಾರ್ದಿಕ್ ಪಾಂಡ್ಯ ಮತ್ತು ಕರ್ನಾಟಕದ ಕೆ.ಎಲ್. ರಾಹುಲ್ ಅವರನ್ನು ವಿಚಾರಣೆ ಬಾಕಿಯಿಟ್ಟು ಅಮಾನತು ಮಾಡಿ, ಆಸ್ಟ್ರೇಲಿಯಾ ಪ್ರವಾಸದಿಂದ ವಾಪಸ್ ಕರೆಸಿದರು. ವಿಚಾರಣೆ ಮಾಡಬೇಕಾದ ಕ್ರಿಕೆಟ್ ಮಂಡಳಿಯ ಓಂಬುಡ್ಸ್‌ಮನ್ನೇ (ದೂರು ವಿಚಾರಿಸುವ ಅಧಿಕಾರಿ) ಆಗ ನೇಮಕವಾಗಿರಲಿಲ್ಲ! ಎರಡು ವಾರದೊಳಗೆ ಅಮಾನತು ತೆರವಾಯಿತು. ಏಪ್ರಿಲಿನಲ್ಲಿ, ಆಮೇಲೆ ಓಂಬುಡ್ಸ್‌ಮನ್ ಆಗಿ ಬಂದ ನ್ಯಾಯಮೂರ್ತಿ ಡಿ.ಕೆ. ಜೈನ್ ತಲಾ 20 ಲಕ್ಷ ರೂಪಾಯಿ ದಂಡ ಹಾಕಿದರು.

ಎನ್‌ಆರ್‌ಎಲ್ ನಿಯಮವನ್ನು ಇಲ್ಲಿ ಹಾಗೇ ನಕಲು ಮಾಡಲಾಗದು, ಏಕೆಂದರೆ ಅವರ ‘ಚಾರ್ಜ್’ಗೆ ಸರಿಹೊಂದುವ ಹಂತ ನಮ್ಮಲ್ಲಿಲ್ಲ. ಅತ್ಯಾಚಾರದಂಥ ಅಪರಾಧದ ಮಾಹಿತಿ ಬಂದರೆ ಎಫ್‌ಐಆರ್ ಹಾಕಲೇಬೇಕು, ಅಲ್ಲಿ ಸಾಕ್ಷ್ಯದ ಜರಡಿ ಇನ್ನೂ ಆಗಿರುವುದಿಲ್ಲ. ಕೋರ್ಟ್ ಆರೋಪ ನಿಗದಿ ಮಾಡುವವರೆಗೆ ಕಾದರೆ ಎಷ್ಟೋ ಪಂದ್ಯಾವಳಿಗಳು ಮುಗಿದಿರುತ್ತವೆ. ನಡುವಿನ ಚಾರ್ಜ್‌ಶೀಟ್ ಹಂತವೇ ಮೇಲು. ಅತ್ಯಾಚಾರ ಪ್ರಕರಣದಲ್ಲಿ ತನಿಖೆ ಎರಡು ತಿಂಗಳಲ್ಲಿ ಮುಗಿಯಬೇಕೆಂದು ಕಾನೂನು ಹೇಳುತ್ತದೆ. ಅಲ್ಲಿಯವರೆಗೆ ಕೈಯಲ್ಲಿರುವ ಸಾಧನ 2013ರ ಪಾಶ್ ಕಾಯ್ದೆ, ಅಂದರೆ ಕೆಲಸದ ಸ್ಥಳದಲ್ಲಿ ಹೆಂಗಸರ ಮೇಲಿನ ಲೈಂಗಿಕ ಕಿರುಕುಳ ತಡೆಯುವ ಕಾನೂನು. ಅದರ ಪ್ರಕಾರ ಕ್ರೀಡಾಂಗಣ, ತರಬೇತಿ ಕೇಂದ್ರ, ಪಂದ್ಯದ ಜಾಗಗಳೂ ಕೆಲಸದ ಸ್ಥಳಗಳೇ. ಘಟನೆಯಾದ ಮೂರು ತಿಂಗಳೊಳಗೆ ಲಿಖಿತ ದೂರು ಕೊಡಬೇಕು, ಸಕಾರಣವಿದ್ದರೆ ಇನ್ನೂ ಮೂರು ತಿಂಗಳು ಸಿಗುತ್ತದೆ; ದೂರು ವಿಚಾರಿಸುವ ಸಮಿತಿ 90 ದಿನದಲ್ಲಿ ವಿಚಾರಣೆ ಮುಗಿಸಬೇಕು. ವಿಚಾರಣೆ ನಡೆಯುವಾಗ ಆರೋಪಿಯನ್ನು ಬೇರೆ ಕಡೆಗೆ ವರ್ಗಾಯಿಸಿ ಎಂದು ಶಿಫಾರಸು ಮಾಡಲು 12ನೇ ಕಲಮಿನಲ್ಲಿ ಅವಕಾಶವಿದೆ. ಆದರೆ ದೂರುದಾರಳು ಅದನ್ನು ಬರವಣಿಗೆಯಲ್ಲಿ ಕೇಳಬೇಕು.