ಜೀನ್‌ನ ಬಾಯಿ ಮುಚ್ಚಿಸುವುದು ಯಾರು?

ಮೈಕ್ರೋ ಆರ್‌ಎನ್‌ಎ ಎಂಬ ಪುಟ್ಟ ತುಣುಕು ಜೀನ್‌ಗಳ ಬಾಯಿ ಮುಚ್ಚಿಸುತ್ತದೆ, ಅಂದರೆ ಜೀನ್ ಹೇಳಿದ ಪ್ರೋಟೀನ್ ತಯಾರಾಗದಂತೆ ತಡೆಯುತ್ತದೆ ಎಂದು ಓದಿರುತ್ತೀರಿ. ಅದನ್ನು ಕಂಡುಹಿಡಿದ ವಿಕ್ಟರ್ ಆಂಬ್ರೋಸ್, ಗ್ಯಾರಿ ರುವ್ಕುನ್ ಅವರಿಗೆ 2024ರಲ್ಲಿ ನೊಬೆಲ್ ಬಂದ ಮೇಲಂತೂ ಈ ಮಾತು ಜಾಸ್ತಿಯಾಯಿತು. ಆದರೆ ಸುಮಾರು 22 ಅಕ್ಷರಗಳ ಆ ತುಣುಕು ಬರೀ ವಿಳಾಸದ ಚೀಟಿ, ಯಾವ ಎಂಆರ್‌ಎನ್‌ಎ (ಪ್ರೋಟೀನ್ ತಯಾರಿಸಲು ಕೋಶ ಓದುವ ಜೀನ್‌ನ ನಕಲು) ಎಂದಷ್ಟೇ ಹೇಳುತ್ತದೆ. ದುಡಿಯುವವು ಪ್ರೋಟೀನ್‌ಗಳು.

1993ರಲ್ಲಿ ಪುಟ್ಟ ಹುಳುವೊಂದರಲ್ಲಿ ಸಿಕ್ಕ ಈ ಬಗೆಯ ಆರ್‌ಎನ್‌ಎ 2000ದ ಹೊತ್ತಿಗೆ ಮನುಷ್ಯರಲ್ಲೂ ಇದೆ ಎಂದು ತಿಳಿಯಿತು. ಚೀಟಿ ಹಿಡಿದುಕೊಳ್ಳುವ ಪ್ರೋಟೀನ್ ಅರ್ಗೋನಾಟ್. (ಹೆಸರು ಬಂದದ್ದು ಗಿಡದಿಂದ. ಈ ಜೀನ್ ಕೆಟ್ಟ ಗಿಡದ ರೂಪ ಆಕ್ಟೋಪಸ್ ಜಾತಿಯ ಪ್ರಾಣಿಯನ್ನು ನೆನಪಿಸಿತಂತೆ!) 2004ರ ಒಂದು ಪ್ರಯೋಗದಲ್ಲಿ ಚೀಟಿಯ ಗೊಡವೆಯೇ ಬೇಡವೆಂದು ಅರ್ಗೋನಾಟನ್ನು ನೇರವಾಗಿ ಎಂಆರ್‌ಎನ್‌ಎಗೆ ಕಟ್ಟಿದರು. ಆಗಲೂ ಪ್ರೋಟೀನ್ ತಯಾರಿ ಇಳಿಯಿತು.

ಹಾಗಂತ ಅರ್ಗೋನಾಟ್ ಒಬ್ಬಂಟಿಯಲ್ಲ. ಅದರ ಜೊತೆಗಾರ ಜಿಡಬ್ಲ್ಯೂ182 ಎಂಬ ಪ್ರೋಟೀನ್ ಸಿಕ್ಕಿದ ಕಥೆ ಸ್ವಾರಸ್ಯದ್ದು. 2002ರಲ್ಲಿ ನರದ ಕಾಯಿಲೆಯಿದ್ದ ರೋಗಿಯೊಬ್ಬರ ರಕ್ತದಲ್ಲಿದ್ದ ಪ್ರತಿಕಾಯಗಳು ಅದನ್ನು ತೋರಿಸಿಕೊಟ್ಟವು. ಮೈಕ್ರೋ ಆರ್‌ಎನ್‌ಎಗೂ ಅದಕ್ಕೂ ನಂಟಿದೆ ಎಂದು ಗೊತ್ತಾಗಿದ್ದು 2005ರಲ್ಲಿ. ಅದರಲ್ಲಿರುವ ಟ್ರಿಪ್ಟೊಫಾನ್ ಎಂಬ ಅಮೈನೋ ಆಮ್ಲಗಳು ಅರ್ಗೋನಾಟ್‌ನ ಕುಳಿಗಳಲ್ಲಿ ಹೋಗಿ ಕೂರುತ್ತವೆ. ಇನ್ನೊಂದು ಕಡೆಯಿಂದ ಅದು ಸಿಸಿಆರ್4-ನಾಟ್ ಎಂಬ ಪ್ರೋಟೀನ್ ತಂಡವನ್ನು ಕರೆಸುತ್ತದೆ. ಆ ತಂಡ ಎಂಆರ್‌ಎನ್‌ಎಯ ಬಾಲ ಸವೆಸುತ್ತದೆ, ಆಮೇಲೆ ಬೇರೆ ಪ್ರೋಟೀನ್‌ಗಳು ತಲೆಯ ಟೋಪಿ ಕಳಚುತ್ತವೆ, ಕೊನೆಗೆ ಎಕ್ಸ್‌ಆರ್‌ಎನ್1 ಎಂಬ ಕಿಣ್ವ ಉಳಿದದ್ದನ್ನು ಅಗಿದು ಮುಗಿಸುತ್ತದೆ.

ಜಗಳ ಹುಟ್ಟಿದ್ದು ಇಲ್ಲೇ. 1999ರಲ್ಲಿ ಹುಳುವಿನ ಪ್ರಯೋಗದಲ್ಲಿ ಎಂಆರ್‌ಎನ್‌ಎ ಹಾಗೇ ಇತ್ತು, ಪ್ರೋಟೀನ್ ಮಾತ್ರ ಕಡಿಮೆಯಾಗಿತ್ತು. ಅಂದರೆ ಎಂಆರ್‌ಎನ್‌ಎ ಓದುವುದನ್ನು ತಡೆಯಲಾಗಿದೆ ಎಂದರು ಒಬ್ಬರು. ಇಲ್ಲ, ಎಂಆರ್‌ಎನ್‌ಎಯೇ ನಾಶವಾಗುತ್ತದೆ ಎಂದರು ಇನ್ನೊಬ್ಬರು. 2010ರ ಒಂದು ಅಧ್ಯಯನ, ಸಸ್ತನಿಗಳ ಕೋಶಗಳಲ್ಲಿ ಪ್ರೋಟೀನ್ ಇಳಿಕೆಯ ಕನಿಷ್ಠ 84% ಪಾಲು ಈ ನಾಶದಿಂದಲೇ ಎಂದಿತು. 2012ರಲ್ಲಿ ಜೀಬ್ರಾಮೀನಿನ ಭ್ರೂಣ ಮತ್ತು ನೊಣದ ಕೋಶಗಳನ್ನು ಗಂಟೆಗಳ ಲೆಕ್ಕದಲ್ಲಿ ನೋಡಿದಾಗ ಮೊದಲು ತಡೆ, ಆಮೇಲೆ ನಾಶ ಕಂಡಿತು. ನೋಡಿದ ಹೊತ್ತು ಬೇರೆ, ಉತ್ತರ ಬೇರೆ, ಅಲ್ವಾ? ಗಡಿಯಾರವನ್ನು ಇನ್ನಷ್ಟು ಮೊದಲೇ ಕೈಗೆತ್ತಿಕೊಂಡಿದ್ದರೆ ವಾದ ಇಷ್ಟು ಬೆಳೆಯುತ್ತಿರಲಿಲ್ಲವೇನೋ.

ತಮಾಷೆಯೆಂದರೆ ಬಾಲ ಸವೆಸುವ ಆ ತಂಡವೇ ಡಿಡಿಎಕ್ಸ್6 ಎಂಬ ಪ್ರೋಟೀನನ್ನೂ ಹಿಡಿದುಕೊಂಡಿರುತ್ತದೆ. ಈ ಡಿಡಿಎಕ್ಸ್6 ಓದುವುದನ್ನು ತಡೆಯುವ ಕೆಲಸಕ್ಕೂ ಬರುತ್ತದೆ, ಟೋಪಿ ಕಳಚಿಸುವುದಕ್ಕೂ.