ಸರ್ಕಾರಿ ಕಾಮಗಾರಿಗಳಿಂದ ನಾಡಿಗೆ ಲಾಭವಿದೆಯೇ? ಕನ್ನಂಬಾಡಿ ಮತ್ತು ಮಾರಿಕಣಿವೆಯ ಲೆಕ್ಕ

ಪ್ರಶ್ನೆ: ಅಣೆಕಟ್ಟು, ಕಾಲುವೆ, ರಸ್ತೆ ಎಂದು ಸರ್ಕಾರ ಸಾವಿರಾರು ಕೋಟಿ ಖರ್ಚು ಮಾಡುತ್ತದೆ. ಇದರಿಂದ ಆರ್ಥಿಕತೆ ನಿಜವಾಗಿ ಬೆಳೆಯುತ್ತದೆಯೇ? ಅಥವಾ ನಮ್ಮ ತೆರಿಗೆ ಹಣ ಗುತ್ತಿಗೆದಾರರ ಕೈ ಸೇರುವುದಷ್ಟೇ ಆಗುತ್ತದೆಯೇ?

ಉತ್ತರ: ಬೆಳೆದದ್ದೂ ಉಂಟು, ಹಾಕಿದ ದುಡ್ಡಿಗೆ ತಕ್ಕಷ್ಟು ಬೆಳೆಯದೆ ಹೋದದ್ದೂ ಉಂಟು. ಎರಡಕ್ಕೂ ಹಳೇ ಮೈಸೂರು ಸಂಸ್ಥಾನದಲ್ಲೇ ಉದಾಹರಣೆಗಳಿವೆ. ಅವು ನೂರು ವರ್ಷ ಹಳೆಯವಾದ್ದರಿಂದ ಫಲ ಏನಾಯಿತು ಎಂಬುದು ಈಗ ಕಣ್ಣಿಗೆ ಕಾಣುತ್ತದೆ. ಹಾಗಾಗಿ ಅಲ್ಲಿಂದಲೇ ಶುರು ಮಾಡುತ್ತೇನೆ.

ಕಾವೇರಿಗೆ ಅಡ್ಡಲಾಗಿ ಕಟ್ಟಿದ ಕನ್ನಂಬಾಡಿ ಕಟ್ಟೆಯ, ಅಂದರೆ ಇಂದಿನ ಕೆಆರ್‌ಎಸ್ ಅಣೆಕಟ್ಟಿನ, ಕೆಲಸ ಶುರುವಾದದ್ದು 1911ರಲ್ಲಿ. ಮೊದಲ ಹಂತಕ್ಕೆ 81 ಲಕ್ಷ ರೂಪಾಯಿಯ ಅಂದಾಜು. ಆ ಕಾಲಕ್ಕೆ ಅದು ಎದೆ ಝಲ್ಲೆನಿಸುವ ಮೊತ್ತ. ಇಷ್ಟು ದೊಡ್ಡ ಖರ್ಚು ಸಂಸ್ಥಾನಕ್ಕೆ ತಾಳುತ್ತದೆಯೇ ಎಂದು ಹಣಕಾಸು ಇಲಾಖೆ ತಕರಾರು ತೆಗೆದಿತ್ತು. ಆಗ ಮುಖ್ಯ ಎಂಜಿನಿಯರ್ ಆಗಿದ್ದವರು ಸರ್ ಎಂ. ವಿಶ್ವೇಶ್ವರಯ್ಯ. ಅವರ ವಾದಕ್ಕೆ ಬಲ ಕೊಟ್ಟದ್ದು ಒಬ್ಬ ಖಚಿತ ಗಿರಾಕಿ: ಕೋಲಾರದ ಚಿನ್ನದ ಗಣಿ. 1902ರಿಂದಲೇ ಶಿವನಸಮುದ್ರದ ವಿದ್ಯುತ್ತು ಸುಮಾರು 147 ಕಿಲೋಮೀಟರ್ ದೂರದ ಗಣಿಗಳಿಗೆ ಹರಿಯುತ್ತಿತ್ತು, ಗಣಿ ಕಂಪನಿಗಳು ಅದಕ್ಕೆ ಹಣ ತೆರುತ್ತಿದ್ದವು. ಆದರೆ ಬೇಸಿಗೆಯಲ್ಲಿ ಕಾವೇರಿ ಸೊರಗಿದರೆ ವಿದ್ಯುತ್ತೂ ಸೊರಗುತ್ತಿತ್ತು. ನದಿಯ ಮೇಲ್ಭಾಗದಲ್ಲಿ ಒಂದು ಜಲಾಶಯ ಕಟ್ಟಿದರೆ ವರ್ಷವಿಡೀ ಒಂದೇ ಸಮ ನೀರು ಬಿಡಬಹುದು, ಹೆಚ್ಚು ವಿದ್ಯುತ್ ಮಾರಬಹುದು. ನೀರಾವರಿಯ ಫಲ ಕೈಗೆ ಬರಲು ದಶಕಗಳು ಬೇಕು. ಅಲ್ಲಿಯವರೆಗೆ ಖಜಾನೆಗೆ ಆಸರೆಯಾಗಬಲ್ಲ ಆದಾಯದ ದಾರಿ ಯೋಜನೆಯೊಳಗೇ ಇತ್ತು. ಇವತ್ತಿನ ಎಷ್ಟೋ ಯೋಜನಾ ವರದಿಗಳಲ್ಲಿ ನನಗೆ ಕಾಣದೇ ಇರುವುದು ಇದೇ: ಕಟ್ಟಿ ಮುಗಿಸಿದ ಮರುದಿನ ಇದನ್ನು ಯಾರು ಬಳಸುತ್ತಾರೆ, ಯಾರು ಎಷ್ಟು ಕೊಡುತ್ತಾರೆ ಎಂಬುದಕ್ಕೆ ನೇರ ಉತ್ತರ.

ನೀರಾವರಿಯ ಫಲ ನಿಜಕ್ಕೂ ತಡವಾಗಿಯೇ ಬಂತು. ನಡುವೆ ಮದ್ರಾಸ್ ಸರ್ಕಾರದೊಂದಿಗೆ ನೀರಿನ ವ್ಯಾಜ್ಯ, 1924ರಲ್ಲಿ ಒಪ್ಪಂದ. ಆಮೇಲೆ ಇರ್ವಿನ್ ನಾಲೆ, ಅಂದರೆ ಇಂದಿನ ವಿಶ್ವೇಶ್ವರಯ್ಯ ನಾಲೆ. ಹುಲಿಕೆರೆಯಲ್ಲಿ ಗುಡ್ಡ ಕೊರೆದು ಸುರಂಗ ಮಾಡಿ ನೀರನ್ನು ಮಂಡ್ಯದ ಕಡೆಗೆ ತಿರುಗಿಸಿದರು. ರಾಗಿ, ಹುರುಳಿ ಬೆಳೆಯುತ್ತಿದ್ದ ಒಣಭೂಮಿಯಲ್ಲಿ ಲಕ್ಷಕ್ಕೂ ಹೆಚ್ಚು ಎಕರೆ ನೀರಾವರಿಗೆ ಒಳಪಟ್ಟಿತು. ಇಷ್ಟಕ್ಕೇ ಸರ್ಕಾರ ಕೈ ಕಟ್ಟಿ ಕೂತಿದ್ದರೆ ಕಥೆ ಅರ್ಧಕ್ಕೆ ನಿಲ್ಲುತ್ತಿತ್ತೇನೋ. 1933ರಲ್ಲಿ ಮೈಸೂರು ಸಕ್ಕರೆ ಕಂಪನಿ ಹುಟ್ಟಿತು. ಅದರ ಹಿಂದೆ ಕೃಷಿ ಇಲಾಖೆಯ ನಿರ್ದೇಶಕರಾಗಿದ್ದ, ಕೆನಡಾ ಮೂಲದ ವಿಜ್ಞಾನಿ ಲೆಸ್ಲಿ ಕೋಲ್ಮನ್ ಅವರ ಶ್ರಮ ದೊಡ್ಡದು. ನಾಲೆಯ ನೀರಿನಲ್ಲಿ ಬೆಳೆದ ಕಬ್ಬಿಗೆ ಊರ ಹತ್ತಿರವೇ ಕೊಳ್ಳುವವರು ಸಿಕ್ಕರು. ಗಾಡಿ ಹೊಡೆಯುವವರಿಗೆ, ಕಬ್ಬು ಕಡಿಯುವವರಿಗೆ, ಅಂಗಡಿ ಇಟ್ಟವರಿಗೆ, ಆಲೆಮನೆಯವರಿಗೆ ಎಲ್ಲರಿಗೂ ಕೆಲಸ. 1939ರ ಹೊತ್ತಿಗೆ ಮೈಸೂರು ಜಿಲ್ಲೆಯಿಂದ ಬೇರೆಯಾಗಿ ಮಂಡ್ಯವೇ ಒಂದು ಜಿಲ್ಲೆಯಾಯಿತು. ಅಣೆಕಟ್ಟು, ನಾಲೆ, ಕಾರ್ಖಾನೆ ಮೂರೂ ಒಂದರ ಬೆನ್ನಿಗೆ ಒಂದು ಬಂದದ್ದರಿಂದಲೇ ಹಾಕಿದ ದುಡ್ಡು ದುಡಿಯಿತು.

ಈಗ ಮಾರಿಕಣಿವೆಯನ್ನು ನೋಡಿ. ಹಿರಿಯೂರಿನ ಬಳಿ ವೇದಾವತಿಗೆ ಅಡ್ಡಲಾಗಿ ಕಟ್ಟಿದ ವಾಣಿವಿಲಾಸ ಸಾಗರ ಪೂರ್ಣಗೊಂಡದ್ದು 1907ರಲ್ಲಿ, ಅಂದರೆ ಕನ್ನಂಬಾಡಿಗಿಂತ ಮೊದಲೇ. ಅದೇ ಸಂಸ್ಥಾನ, ಅದೇ ಎಂಜಿನಿಯರಿಂಗ್ ಪರಂಪರೆ. ಇಂದಿಗೂ ನಿಂತಿರುವ ಗಟ್ಟಿ ಕಟ್ಟಡ. ಸುಮಾರು 30 ಟಿಎಂಸಿ (ಒಂದು ಟಿಎಂಸಿ ಎಂದರೆ ನೂರು ಕೋಟಿ ಘನ ಅಡಿ) ನೀರು ಹಿಡಿಯುವ ಆ ಜಲಾಶಯ 1933ರಲ್ಲಿ ಒಮ್ಮೆ ತುಂಬಿತು. ಮತ್ತೆ ಕೋಡಿ ಬಿದ್ದದ್ದು 2022ರಲ್ಲಿ. ನಡುವೆ 89 ವರ್ಷ! ಆ ನೀರಿನಿಂದ ಹಿರಿಯೂರಿನ ತೋಟಗಳು ಬದುಕಿವೆ, ಚಿತ್ರದುರ್ಗಕ್ಕೆ ಕುಡಿಯುವ ನೀರು ಸಿಕ್ಕಿದೆ, ಅದನ್ನು ವ್ಯರ್ಥ ಎನ್ನುವುದು ಅನ್ಯಾಯ. ಆದರೆ ಕಟ್ಟೆ ಹಿಡಿಯಬಲ್ಲಷ್ಟು ನೀರನ್ನು ವೇದಾವತಿ ತರಲಿಲ್ಲ. ಈಚೆಗೆ ತುಂಬಿದ್ದಕ್ಕೂ ಭಾರೀ ಮಳೆಯ ಜೊತೆಗೆ ಭದ್ರಾ ಮೇಲ್ದಂಡೆ ಯೋಜನೆಯಿಂದ ಹರಿಸಿದ ನೀರು ಸಹಾಯ ಮಾಡಿತು. ಕಾಮಗಾರಿ ಎಷ್ಟೇ ಪ್ರಾಮಾಣಿಕವಾಗಿ ನಡೆದರೂ, ಗುಣಮಟ್ಟ ಎಷ್ಟೇ ಚೆನ್ನಾಗಿದ್ದರೂ, ಲಾಭ ಅದರ ಪೂರ್ಣ ಬಳಕೆಯಿಂದಲೇ ಬರಬೇಕು.

ಕೆಲಸ ನಡೆಯುವಾಗ ಸಿಗುವ ಕೂಲಿಯ ವಿಷಯವೇನು ಎಂದು ನೀವು ಕೇಳಬಹುದು. ಅದೂ ಲಾಭವೇ. ಕೂಲಿಯವರು ಆ ದುಡ್ಡಿನಲ್ಲಿ ಅಕ್ಕಿ, ಬಟ್ಟೆ ಕೊಳ್ಳುತ್ತಾರೆ, ಅಂಗಡಿಯವರು ಅದನ್ನು ಇನ್ನೊಬ್ಬರಿಗೆ ಕೊಡುತ್ತಾರೆ, ಹೀಗೆ ಒಂದು ರೂಪಾಯಿ ನಾಲ್ಕು ಕೈ ತಿರುಗುತ್ತದೆ. ಆದರೆ ಎಷ್ಟು ತಿರುಗುತ್ತದೆ ಎಂಬುದು ಎರಡು ವಿಷಯಗಳ ಮೇಲೆ ನಿಂತಿದೆ. ಕೈಗಳು ಖಾಲಿ ಇದ್ದವೇ ಎಂಬುದು ಮೊದಲನೆಯದು. 1876–78ರ ಭೀಕರ ಬರದಲ್ಲಿ ಮಣ್ಣು ಹೊರುವ ಕೆಲಸ ಕೊಟ್ಟದ್ದರಿಂದ ಜೀವಗಳು ಉಳಿದವು, ಬೇರೆ ಯಾವ ಕೆಲಸವೂ ಕೆಡಲಿಲ್ಲ, ಏಕೆಂದರೆ ಬೇರೆ ಕೆಲಸವೇ ಇರಲಿಲ್ಲ. ಎಲ್ಲರಿಗೂ ದುಡಿಮೆ ಇರುವ ಕಾಲದಲ್ಲಿ ಅದೇ ಕೆಲಸ ಕೊಟ್ಟರೆ ಹೊಲದಿಂದ, ಗಾರ್ಮೆಂಟ್ಸ್‌ನಿಂದ ಜನರನ್ನು ಎಳೆದುಕೊಂಡಂತೆ. ದುಡ್ಡು ಊರಲ್ಲೇ ಉಳಿಯುತ್ತದೆಯೇ ಎಂಬುದು ಎರಡನೆಯದು. ಕನ್ನಂಬಾಡಿಯನ್ನು ಸಿಮೆಂಟಿನ ಬದಲು ಸುಣ್ಣ ಮತ್ತು ಇಟ್ಟಿಗೆ ಪುಡಿಯ ಸುರ್ಕಿ ಗಾರೆಯಿಂದ ಕಟ್ಟಿದರು, ಸುಮಾರು ಹತ್ತು ಸಾವಿರ ಜನ ದುಡಿದರು. ಸುಣ್ಣ ಸುಡುವವರಿಗೆ, ಇಟ್ಟಿಗೆ ಬೇಯಿಸುವವರಿಗೆ, ಕಲ್ಲು ಕುಟಿಗರಿಗೆ ಹೋದ ಹಣ ಸೀಮೆ ದಾಟಿರಲಾರದು. ಈಗ ಅದೇ ಕೆಲಸಕ್ಕೆ ಜೆಸಿಬಿ, ಟಿಪ್ಪರ್, ಹೊರರಾಜ್ಯದ ಉಕ್ಕು ಬರುತ್ತವೆ. ಕೆಲಸ ಬೇಗ ಮುಗಿಯುತ್ತದೆ, ಒಳ್ಳೆಯದೇ. ಆದರೆ ‘ಸ್ಥಳೀಯರಿಗೆ ಉದ್ಯೋಗ’ ಎಂಬ ಭರವಸೆಯನ್ನು ಆ ಮಟ್ಟಿಗೆ ಕಡಿಮೆ ನಂಬಬೇಕು.

ಇನ್ನು ಲಾಭ ಯಾರಿಗೆ? ಮಂಡ್ಯದ ಗದ್ದೆಗೆ ನೀರು ಬರಲು ಕನ್ನಂಬಾಡಿ ಎಂಬ ಊರೇ ಮುಳುಗಿತು. ಅರ್ಥಶಾಸ್ತ್ರಜ್ಞರಾದ ಎಸ್ತರ್ ಡುಫ್ಲೊ ಮತ್ತು ರೋಹಿಣಿ ಪಾಂಡೆ ಭಾರತದ ದೊಡ್ಡ ಅಣೆಕಟ್ಟುಗಳ ಕುರಿತು 2007ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಕಂಡದ್ದೂ ಇದೇ ಬಗೆಯ ಚಿತ್ರ: ಅಣೆಕಟ್ಟಿನ ಕೆಳಗಿನ ಜಿಲ್ಲೆಗಳಲ್ಲಿ ಕೃಷಿ ಉತ್ಪಾದನೆ ಹೆಚ್ಚಿ ಗ್ರಾಮೀಣ ಬಡತನ ತಗ್ಗಿತು, ಅಣೆಕಟ್ಟು ಎದ್ದ ಜಿಲ್ಲೆಯಲ್ಲೇ ಬಡತನ ಹೆಚ್ಚಿತು. ಒಟ್ಟು ಮೊತ್ತ ಕೂಡಿ ‘ರಾಜ್ಯಕ್ಕೆ ಲಾಭ’ ಎಂದಾಗ ಈ ಎರಡನೇ ಸಾಲು ಅಳಿಸಿಹೋಗುತ್ತದೆ. ನನಗೆ ಇದು ಬರೀ ಅಂಕಿಯ ಲೋಪ ಎನಿಸುವುದಿಲ್ಲ. ಗೆದ್ದವರ ಲಾಭದಲ್ಲಿ ಒಂದು ಪಾಲು ಮುಳುಗಡೆಯವರಿಗೆ ತಲುಪಿಸುವಷ್ಟು ದುಡ್ಡು ಒಳ್ಳೆಯ ಯೋಜನೆಯಿಂದ ಹುಟ್ಟಲೇಬೇಕು. ಹುಟ್ಟದಿದ್ದರೆ ಅದನ್ನು ಒಳ್ಳೆಯದೆಂದು ಕರೆಯುವುದು ಹೇಗೆ?

ರೈಲು, ರಸ್ತೆಗಳ ಲೆಕ್ಕ ಬೇರೆ. ಬ್ರಿಟಿಷ್ ಕಾಲದ ರೈಲು ಬಂದ ಜಿಲ್ಲೆಗಳಲ್ಲಿ ಕೃಷಿಯ ನಿಜ ಆದಾಯ ಸುಮಾರು 16% ಏರಿತೆಂದು ಅರ್ಥಶಾಸ್ತ್ರಜ್ಞ ಡೇವ್ ಡೊನಾಲ್ಡ್‌ಸನ್ ತೋರಿಸಿದ್ದಾರೆ. ಆದರೆ ಪ್ರಧಾನಮಂತ್ರಿ ಗ್ರಾಮ ಸಡಕ್ ಯೋಜನೆಯ ಡಾಂಬರು ರಸ್ತೆ ಬಂದ ಹಳ್ಳಿಗಳಲ್ಲಿ ಅಂಥ ಜಿಗಿತ ಕಾಣಲಿಲ್ಲ. 2020ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ ಅಲ್ಲಿ ಆದ ಮುಖ್ಯ ಬದಲಾವಣೆ ಎಂದರೆ ಜನ ಹೊಲದ ಕೆಲಸ ಬಿಟ್ಟು ಹೊರಗಿನ ದುಡಿಮೆಗೆ ಹೋದದ್ದು. ಬೆಳೆಯಾಗಲಿ ಆದಾಯವಾಗಲಿ ಹೇಳಿಕೊಳ್ಳುವಷ್ಟು ಏರಲಿಲ್ಲ. ಆಸ್ಪತ್ರೆಗೆ, ಶಾಲೆಗೆ ಆ ರಸ್ತೆ ಬೇಕೇ ಬೇಕು, ಅದು ಜನರ ಹಕ್ಕು. ಅದರಿಂದ ಹಳ್ಳಿ ತಾನಾಗಿ ಶ್ರೀಮಂತವಾಗುತ್ತದೆ ಎಂದು ಮಾತ್ರ ಹೇಳಬಾರದು.

ಗುತ್ತಿಗೆದಾರರ ವಿಷಯಕ್ಕೆ ಬರುತ್ತೇನೆ. ಅವರು ಲಾಭ ಮಾಡುವುದರಲ್ಲಿ ತಪ್ಪಿಲ್ಲ. ಅಂದಾಜು ಪಟ್ಟಿ ಹಿಗ್ಗುತ್ತಾ ಹೋಗುವುದು ನಿಜವಾದ ಅಪಾಯ. ಪಶ್ಚಿಮ ಘಟ್ಟದ ನೀರನ್ನು ಒಣ ಜಿಲ್ಲೆಗಳಿಗೆ ಒಯ್ಯುವ ಎತ್ತಿನಹೊಳೆ ಯೋಜನೆಗೆ 2012ರಲ್ಲಿ ಸುಮಾರು 8,323 ಕೋಟಿಯ ಅಂದಾಜಿತ್ತು. 2014ರಲ್ಲಿ ಅದು 12,912 ಕೋಟಿಯಾಯಿತು, ಆಮೇಲೆ 23,251 ಕೋಟಿ ದಾಟಿತು. ಕೋಲಾರ, ಚಿಕ್ಕಬಳ್ಳಾಪುರದ ಜನ ನೀರಿಗಾಗಿ ಕಾಯುತ್ತಿರುವುದು ನಿಜ, ಅವರ ಅಗತ್ಯವೂ ನಿಜ. ಆದರೆ 8 ಸಾವಿರ ಕೋಟಿಗೆ ಲಾಭ ಎಂದು ತೋರಿದ ಯೋಜನೆ 23 ಸಾವಿರ ಕೋಟಿಗೂ ಲಾಭವೇ ಎಂದು ಲೆಕ್ಕವನ್ನು ಮೊದಲಿನಿಂದ ಹಾಕಿ ಜನರ ಮುಂದೆ ಇಡಬೇಕು. ಅರ್ಧ ಕಟ್ಟಿದ ಮೇಲೆ ನಿಲ್ಲಿಸಲಾಗುವುದಿಲ್ಲ ಎಂಬುದೇ ಮುಂದಿನ ಪ್ರತಿ ಏರಿಕೆಗೂ ಸಮರ್ಥನೆಯಾಗಬಾರದು.

ಇಷ್ಟೆಲ್ಲದರಲ್ಲಿ ಕಡಿಮೆ ಖರ್ಚಿಗೆ ಹೆಚ್ಚು ಫಲ ಕೊಡುವ ಕೆಲಸ ಯಾವುದು ಎಂದರೆ ನನ್ನ ಉತ್ತರ ರಿಪೇರಿ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟಿನ 19ನೇ ಗೇಟು ಚೈನ್ ತುಂಡಾಗಿ ಕೊಚ್ಚಿಹೋಯಿತು. ತುಂಬಿ ನಿಂತಿದ್ದ ಜಲಾಶಯದ ನೀರು ಕಣ್ಣೆದುರೇ ಹರಿದುಹೋಯಿತು, ಕೊಪ್ಪಳ, ರಾಯಚೂರು, ಬಳ್ಳಾರಿ ಕಡೆಯ ರೈತರ ಎದೆ ನಡುಗಿತು. ಏಳು ದಶಕ ದುಡಿದ ಅಣೆಕಟ್ಟಿನ ಗೇಟುಗಳನ್ನು ಹೊತ್ತಿಗೆ ಸರಿಯಾಗಿ ಬದಲಿಸಲು ತಗಲುವ ಖರ್ಚು ಹೊಸ ಯೋಜನೆಯೊಂದರ ಸಣ್ಣ ತುಣುಕು. ವಿಶ್ವೇಶ್ವರಯ್ಯ ನಾಲೆಯ ಕೊನೇ ಭಾಗದಲ್ಲಿರುವ ಮದ್ದೂರು, ಮಳವಳ್ಳಿಯ ರೈತರು ನೀರು ತಲುಪುವುದಿಲ್ಲ ಎಂದು ದೂರುತ್ತಲೇ ಬಂದಿದ್ದಾರೆ. ಹೂಳೆತ್ತಿ, ಸೋರಿಕೆ ತಡೆದು ಅವರ ಗದ್ದೆಗೆ ನೀರು ಮುಟ್ಟಿಸುವ ಕೆಲಸಕ್ಕೆ ಹೊಸ ಊರು ಮುಳುಗಬೇಕಿಲ್ಲ, ಗಿರಾಕಿಯನ್ನು ಹುಡುಕಬೇಕಿಲ್ಲ. ಆ ಗದ್ದೆಯೂ ರೈತನೂ ಅಲ್ಲೇ ಇದ್ದಾರೆ.