ಸನ್ನಿ ಮಾಂಟ್ಗೊಮರಿ: ಸಮಿತಿ, ಸೈನಿಕರ ಕಾಯ್ದೆ, ಆಮೇಲೆ ಲಾಬಿ

ಮೊದಲು ಇಸವಿಗಳು ಬಾಯಿಗೆ ಬರಲಿ. ಅಮೆರಿಕದ ರಾಜಕಾರಣಿ ಜಿ.ವಿ. 'ಸನ್ನಿ' ಮಾಂಟ್ಗೊಮರಿ ಹುಟ್ಟಿದ್ದು 1920, ಮಿಸ್ಸಿಸಿಪ್ಪಿಯ ಮೆರಿಡಿಯನ್‌ನಲ್ಲಿ. ಎರಡನೇ ಮಹಾಯುದ್ಧದಲ್ಲಿ ಸೈನಿಕ, ಮುಂದೆ ರಾಜ್ಯಗಳ ಮೀಸಲು ಸೇನೆಯಾದ ನ್ಯಾಷನಲ್ ಗಾರ್ಡ್‌ನಲ್ಲಿ ಮೇಜರ್ ಜನರಲ್. 1956ರಿಂದ ರಾಜ್ಯದ ಸೆನೆಟ್, 1967ರಿಂದ 1997ರ ಜನವರಿವರೆಗೆ ವಾಷಿಂಗ್ಟನ್ನಿನ ಪ್ರತಿನಿಧಿ ಸಭೆ. ಡೆಮಾಕ್ರಟಿಕ್ ಪಕ್ಷದವರಾದರೂ ಎಷ್ಟೋ ಸಲ ಮತ ಬಿದ್ದದ್ದು ರಿಪಬ್ಲಿಕನ್ನರ ಕಡೆಗೆ.

ಅವರ ನಿಜವಾದ ಬಲ ಇದ್ದದ್ದು ಮಾಜಿ ಸೈನಿಕರ ವ್ಯವಹಾರಗಳ ಸಮಿತಿಯಲ್ಲಿ. 1981ರಿಂದ 1995ರ ಆರಂಭದವರೆಗೆ ಅಧ್ಯಕ್ಷರು. 1994ರ ಚುನಾವಣೆಯಲ್ಲಿ ಸಭೆಯ ಬಹುಮತ ರಿಪಬ್ಲಿಕನ್ನರ ಪಾಲಾದಾಗ ಕುರ್ಚಿ ಹೋಯಿತು. ಪರೀಕ್ಷೆಯಲ್ಲಿ ಹಲವರು ಎಡವುವುದು ಇಲ್ಲೇ: ಈ ಸಮಿತಿ ಸೌಲಭ್ಯಗಳ ಕಾಯ್ದೆ ರೂಪಿಸುತ್ತದೆ, ಆಸ್ಪತ್ರೆಗಳಿಗೆ ವರ್ಷವರ್ಷ ಹಣ ಮಂಜೂರು ಮಾಡುವುದು ಬೇರೆಯೇ ಸಮಿತಿ. ಮಾಜಿ ಸೈನಿಕರ ಇಲಾಖೆಗೆ ಸಂಪುಟ ದರ್ಜೆ ಕೊಟ್ಟ 1988ರ ಕಾಯ್ದೆಯೂ ಅವರ ಅವಧಿಯದೇ.

ಈಗ ಮುಖ್ಯ ವಿಷಯ, ಅವರ ಹೆಸರಿನ ಜಿಐ ಬಿಲ್, ಅಂದರೆ ಸೈನಿಕರ ಓದಿಗೆ ಹಣ ಕೊಡುವ ಕಾಯ್ದೆ. 1944ರ ಜಿಐ ಬಿಲ್ ಜೊತೆ ಇದನ್ನು ಕಲಸಬೇಡಿ. ಅದು ಯುದ್ಧದಿಂದ ಮರಳಿದವರಿಗೆ ನೆಲೆ ಒದಗಿಸಲು. ಇದು, ಕಡ್ಡಾಯ ಭರ್ತಿ 1973ರಲ್ಲಿ ನಿಂತ ಮೇಲೆ, ಓದಿದ ಹುಡುಗರನ್ನು ಸೇನೆಗೆ ಸೆಳೆಯಲು. 1984ರಲ್ಲಿ ಅಂಗೀಕಾರ, 1985ರ ಜುಲೈ 1ರಿಂದ ಮೂರು ವರ್ಷದ ಪ್ರಯೋಗ. ಪ್ರಯೋಗ ಮುಗಿಯುವ ಮೊದಲೇ, 1987ರಲ್ಲಿ, ಕಾಯಂ.

ಆರಂಭದ ಲೆಕ್ಕ ಹೀಗಿತ್ತು: ಸೇರಿದ ಮೊದಲ 12 ತಿಂಗಳು ಸಂಬಳದಲ್ಲಿ ತಿಂಗಳಿಗೆ 100 ಡಾಲರ್ ಕಡಿತ, ಒಟ್ಟು 1,200. ಮೂರು ವರ್ಷ ಸೇವೆ ಮುಗಿಸಿದರೆ ಓದಿಗೆ ತಿಂಗಳಿಗೆ 300ರಂತೆ 36 ತಿಂಗಳು, ಅಂದರೆ 10,800. ಇದಕ್ಕಿಂತ ತುಸು ಮುಂಚಿನ ಯೋಜನೆಯಲ್ಲಿ (1944ರದ್ದಲ್ಲ) ಸೈನಿಕ ಕಟ್ಟಿದ್ದು ವಂತಿಗೆ, ಬೇಡವೆಂದರೆ ವಾಪಸ್ ಸಿಗುತ್ತಿತ್ತು. ಇಲ್ಲಿ ಅದು ವೇತನ ಕಡಿತ, ಕಾಲೇಜಿಗೆ ಹೋಗದಿದ್ದರೆ ದುಡ್ಡು ಹೋದಂತೆಯೇ. ಬೇಡ ಎನ್ನುವವರು ಸೇರುವಾಗಲೇ ಬರೆದುಕೊಡಬೇಕಿತ್ತು, ಆಮೇಲೆ ಮನಸ್ಸು ಬದಲಾಯಿಸಲು ದಾರಿ ಇರಲಿಲ್ಲ. ಸೇನೆಯಿಂದ ಹೊರಬರುವಾಗ 'ಗೌರವಯುತ' ಬಿಡುಗಡೆಗಿಂತ ಒಂದು ಮೆಟ್ಟಿಲು ಕೆಳಗಿನ 'ಸಾಮಾನ್ಯ' ಬಿಡುಗಡೆ ಸಿಕ್ಕರೂ ಸೌಲಭ್ಯ ತಪ್ಪುತ್ತಿತ್ತು. ಬಹಳ ಜನರಿಗೆ ಪೆಟ್ಟು ಬಿದ್ದದ್ದು ಈ ಷರತ್ತಿನಿಂದ. ಮೀಸಲು ಪಡೆಯವರಿಗೆ ಕಡಿತವಿಲ್ಲ, ಆರು ವರ್ಷದ ಸೇವೆಗೆ ಒಪ್ಪಿದರೆ ಓದಿಗೆ ತಿಂಗಳಿಗೆ 140 ಡಾಲರ್. ಗಾರ್ಡ್‌ನಲ್ಲಿ ಬೆಳೆದ ಮನುಷ್ಯ ಮೀಸಲು ಪಡೆಯನ್ನು ಮರೆಯುವುದುಂಟೆ!

ನಿವೃತ್ತಿಯ ನಂತರ ಮಾಂಟ್ಗೊಮರಿ ಗ್ರೂಪ್ ಎಂಬ ಲಾಬಿ ಸಂಸ್ಥೆ (ಕಕ್ಷಿದಾರರ ಪರವಾಗಿ ಶಾಸಕರ ಮೇಲೆ ಪ್ರಭಾವ ಬೀರುವ ಸಂಸ್ಥೆ) ಕಟ್ಟಿದರು. ಸಭೆ ಬಿಟ್ಟ ಸದಸ್ಯರು ಒಂದು ವರ್ಷ ಅಮೆರಿಕದ ಸಂಸತ್ತಾದ ಕಾಂಗ್ರೆಸ್ಸಿನವರ ಮುಂದೆ ಲಾಬಿ ನಡೆಸುವಂತಿಲ್ಲ, ಆದರೆ ತೆರೆಮರೆಯಲ್ಲಿ ಕಕ್ಷಿದಾರರಿಗೆ ಸಲಹೆ ಕೊಡಬಹುದು. ನಿಷೇಧ ಟೊಳ್ಳಾಗುವುದು ಈ ಸಂದಿನಲ್ಲೇ. 2007ರಲ್ಲಿ ಸೆನೆಟರ್‌ಗಳಿಗೆ ಅದು ಎರಡು ವರ್ಷವಾಯಿತು, ಪ್ರತಿನಿಧಿಗಳಿಗೆ ಒಂದೇ ಉಳಿಯಿತು. ಲಾಬಿ ಸಂಸ್ಥೆಗಳು ಸಲ್ಲಿಸಿದ ಹಳೆಯ ವರದಿಗಳನ್ನು ತೆಗೆದು ನೋಡುವವರು ಗಮನಿಸಿ: ಕಕ್ಷಿದಾರರು ಯಾರು, ಯಾವ ವಿಷಯ, ಯಾವ ಸದನ ಎಂಬುದು ಸಿಗುತ್ತದೆ, ಯಾವ ಸದಸ್ಯರನ್ನು ಕಂಡರು ಎಂಬುದನ್ನು ಬರೆಯಬೇಕೆಂಬ ನಿಯಮವೇ ಇಲ್ಲ.